ಕೂಸಿನ ಪುಸ್ತಕ, ನನ್ನ ಒದ್ದೆ ಕರವಸ್ತ್ರ

2007ರ ಫೆಬ್ರುವರಿಯ ಒಂದು ಮಂಗಳವಾರ ಬೆಳಿಗ್ಗೆ ಬ್ಯಾಡಗಿಯ ಒಂದು ಅಂಗನವಾಡಿಯಲ್ಲಿ ಒಂಬತ್ತು ತಿಂಗಳ ಹೆಣ್ಣು ಕೂಸೊಂದು ಚಿತ್ರಪುಸ್ತಕದ ಮೂಲೆಯನ್ನು ಬಾಯಿಗೆ ಹಾಕಿಕೊಂಡಿತು. ಸ್ವಲ್ಪ ಹೊತ್ತಿಗೆ ಚೀರತೊಡಗಿತು. ತುಟಿ ಊದಿ, ಬಾಯಿಯ ಸುತ್ತ ಕೆಂಪಾಯಿತು. ಆಸ್ಪತ್ರೆಗೆ ಒಯ್ದರು. ಮರುದಿನದ ಜಿಲ್ಲಾ ಪುಟದಲ್ಲಿ ನನ್ನ ವರದಿ ಮೂರು ಕಾಲಂನಲ್ಲಿ ಬಂತು: ‘ಪುಸ್ತಕದ ಬಣ್ಣ, ಹಸುಗೂಸು ಆಸ್ಪತ್ರೆಗೆ’. ಆ ವರದಿಯಲ್ಲಿ ಕೂಸಿನ ವಯಸ್ಸು ಸರಿಯಿತ್ತು. ಆಸ್ಪತ್ರೆಗೆ ತಂದ ಹೊತ್ತು ಸರಿಯಿತ್ತು. ಮುಖ್ಯವಾದದ್ದು ತಪ್ಪಾಗಿತ್ತು.

ಹುಬ್ಬಳ್ಳಿಯಿಂದ ಹೊರಡುತ್ತಿದ್ದ ಒಂದು ದಿನಪತ್ರಿಕೆಗೆ ನಾನು ಮೊದಲು ರಾಣೆಬೆನ್ನೂರಿನಿಂದ, ಆಮೇಲೆ ಹಾವೇರಿಯಿಂದ ವರದಿ ಮಾಡಿದೆ. 2009ರಲ್ಲಿ ನಿವೃತ್ತನಾದೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದರಿಂದ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಏನೂ ಸಿಗುವುದಿಲ್ಲ. ಎಲ್ಲಿ ಎಡವಿದೆ ಎಂಬುದರಿಂದ ಸಿಗಬಹುದು. ಹೆಸರುಗಳನ್ನು ಬದಲಿಸಿದ್ದೇನೆ.

ಪುಸ್ತಕದ ಕಪಾಟನ್ನು ಕಂಡರೆ ನನಗೆ ಸಂಶಯ ಬರಲು ಕಾರಣವಿತ್ತು. 2001ರಲ್ಲಿ ಐರಣಿಯ ಹಾದಿಯಲ್ಲಿನ ಒಂದು ಹಳ್ಳಿಯಲ್ಲಿ ಮಕ್ಕಳ ವಾಚನಾಲಯದ ಉದ್ಘಾಟನೆ ನಡೆಯಿತು. ಭಾಷಣ, ಹಾರ, ಫೋಟೊ ಎಲ್ಲ ಆಯಿತು. ಒಂದು ಮಗುವೂ ಕಪಾಟಿನ ಹತ್ತಿರ ಹೋಗದಂತೆ ಒಬ್ಬಾತ ಅಡ್ಡ ನಿಂತಿದ್ದ. ಮರುದಿನ ಹೋಗಿ ಬಾಗಿಲು ತೆಗೆಸಿದೆ. ಮುಂದಿನ ಸಾಲಿನಲ್ಲಿ ಪುಸ್ತಕಗಳಿದ್ದವು. ಹಿಂದಿನ ಸಾಲಿನಲ್ಲಿ ಕಾಗದ ಸುತ್ತಿದ ಇಟ್ಟಿಗೆಗಳಿದ್ದವು. ಸುತ್ತಿದ್ದ ಕಾಗದ ನಮ್ಮದೇ ಪತ್ರಿಕೆ.

“ಕಪಾಟ ಖಾಲಿ ಕಂಡ್ರ ಸಾಹೇಬ್ರು ಬೈತಾರ್ರಿ. ಅದಕ್ಕ ತುಂಬಸೇವಿ,” ಎಂದ ಆತ. ಅವನಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಆ ವರದಿಗೆ ಒಳ್ಳೆಯ ಹೆಸರು ಬಂತು. ಅದರಿಂದ ನನಗೆ ಒಂದು ಕೆಟ್ಟ ಅಭ್ಯಾಸವೂ ಅಂಟಿತು: ಪುಸ್ತಕದ ಹಿಂದೆ ಇಟ್ಟಿಗೆ ಇದ್ದೇ ಇರುತ್ತದೆ ಎಂದು ಮೊದಲೇ ತೀರ್ಮಾನಿಸಿ ಹೊರಡುವುದು.

ಆಗ ಸುದ್ದಿಯನ್ನು ಕೈಯಲ್ಲಿ ಬರೆದು, ಕವರಿಗೆ ಹಾಕಿ, ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಬರೆದು ಮುಗಿಸುವುದಕ್ಕೂ ಬಸ್ಸು ಬಿಡುವುದಕ್ಕೂ ನಡುವೆ ಒಂದು ತಾಸಾದರೂ ಸಿಗುತ್ತಿತ್ತು. ಒಮ್ಮೆ ರಾಣೆಬೆನ್ನೂರು ನಿಲ್ದಾಣದಲ್ಲಿ, ಸತ್ತನೆಂದು ನಾನು ಬರೆದಿದ್ದ ಮನುಷ್ಯನನ್ನೇ ಚಹಾದ ಅಂಗಡಿಯಲ್ಲಿ ಕಂಡು, ಚಲಿಸುತ್ತಿದ್ದ ಬಸ್ಸನ್ನು ನಿಲ್ಲಿಸಿ ಕವರ್ ವಾಪಸ್ ಇಸಿದುಕೊಂಡಿದ್ದೆ. “ದಿನಾ ಒಬ್ರನ್ನ ಹಿಂಗ ಬದುಕಸ್ರಿ ಸರ, ಪುಣ್ಯ ಬರತೈತಿ,” ಎಂದು ಕಂಡಕ್ಟರ್ ನಕ್ಕಿದ್ದ. 2007ರ ಹೊತ್ತಿಗೆ ಇಮೇಲ್ ಬಂದಿತ್ತು. ಆ ಒಂದು ತಾಸು ಹೋಗಿತ್ತು.

ಬ್ಯಾಡಗಿಯ ಅಂಗನವಾಡಿಯ ಸುದ್ದಿ ಮೊದಲು ಕಿವಿಗೆ ಬಿದ್ದದ್ದು ಆ ವರ್ಷದ ಜನವರಿಯಲ್ಲಿ. ಹಾಲು ಕುಡಿಯುವ ಕೂಸುಗಳಿಗೆ ಅಲ್ಲಿ ಪುಸ್ತಕ ಓದುತ್ತಾರಂತೆ. ನಮ್ಮ ಸುದ್ದಿ ವಿಭಾಗದ ಮುಖ್ಯಸ್ಥ ದೇಸಾಯಿಯವರಿಗೆ ಫೋನಿನಲ್ಲಿ ಹೇಳಿದೆ.

“ಮಾತ ಬರಲಾರದ ಕೂಸಿಗೆ ಪುಸ್ತಕ? ಇದರ ಹಿಂದ ಯಾರೋ ಅದಾರ. ಹುಡುಕು,” ಎಂದರು.

ಹುಡುಕಲು ಒಂದು ಶನಿವಾರ ಹೋದೆ. ಬಸ್ಸಿನಿಂದ ಇಳಿದ ಕೂಡಲೇ ಎರಡು ಸಲ ಸೀನಿದೆ. ಮೆಣಸಿನಕಾಯಿ ಬರುವ ಕಾಲದಲ್ಲಿ ಬ್ಯಾಡಗಿಗೆ ಬಂದ ಹೊರಗಿನವರನ್ನು ಜನ ಸೀನಿನಿಂದಲೇ ಗುರುತಿಸುತ್ತಾರೆ. ಅಲ್ಲಿಯವರು ಸೀನುವುದಿಲ್ಲ.

ಅಂಗನವಾಡಿ ಕಾರ್ಯಕರ್ತೆ ಸರೋಜಾ. ಓಣಿಯ ಜನ ‘ಅಕ್ಕೋರು’ ಎನ್ನುತ್ತಿದ್ದರು. ಹದಿನಾಲ್ಕು ವರ್ಷದಿಂದ ಅದೇ ಕೇಂದ್ರದಲ್ಲಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಏಳೆಂಟು ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬಂದರು. ಸರೋಜಾ ಚಾಪೆಯ ಮೇಲೆ ಕುಳಿತು, ಒಂದು ಕೂಸನ್ನು ತೊಡೆಯ ಮೇಲೆ ತಮ್ಮ ಎದೆಗೆ ಬೆನ್ನು ಮಾಡಿ ಕೂರಿಸಿಕೊಂಡು, ದಪ್ಪ ರಟ್ಟಿನ ಪುಸ್ತಕ ತೆರೆದರು. ಒಂದು ಹಾಳೆಗೆ ಒಂದೇ ಚಿತ್ರ. ಹುಂಜ, ಮಾವಿನಹಣ್ಣು, ಕೊಡ, ಎತ್ತು. ಓದಲು ಹಾಳೆಗೆ ಎರಡು ಸಾಲು. ಆ ಎರಡು ಸಾಲನ್ನು ಮೂರು ಸಲ ಓದಿದರು. ನಡುವೆ ಕೂಸು ಏನೋ ಸದ್ದು ಮಾಡಿದರೆ ನಿಲ್ಲಿಸಿ, “ಹೌದವ್ವಾ? ಮತ್ತ?” ಎಂದು ಉತ್ತರ ಕೊಟ್ಟು ಮುಂದೆ ಓದಿದರು. ಕೂಸು ಪುಸ್ತಕವನ್ನು ಎಳೆದು ಬಾಯಿಗೆ ಹಾಕಿಕೊಂಡಿತು. ಅವರು ತಡೆಯಲಿಲ್ಲ.

“ಕೂಸಿಗೆ ತಿಳಿತೈತೇನ್ರಿ ಅಕ್ಕೋರ?” ಎಂದೆ.

“ತಿಳೀಲಿ ಅಂತ ಓದಂಗಿಲ್ರಿ. ಕೇಳಲಿ ಅಂತ ಓದ್ತೇನಿ. ತಿಳಿಯೂದು ಆಮ್ಯಾಲೆ.”

“ಬಾಯಾಗ ಹಾಕ್ಕೊಂಡೈತಲ್ಲ?”

“ಅದರ ಓದು ಅಲ್ಲಿಂದನ ಸುರು ಆಗತೈತ್ರಿ.”

ಗೋಡೆಗೆ ಒರಗಿ ಕುಳಿತಿದ್ದ ಮುದುಕಿ ಮಾಬೂಬಿ ನಕ್ಕಳು. ಅವಳ ಮೊಮ್ಮಗಳು ಮುನ್ನಿಯೇ ಆ ತೊಡೆಯ ಮೇಲಿದ್ದದ್ದು. “ನಮ್ಮ ಮುನ್ನಿಗೆ ಇನ್ನ ಹಲ್ಲ ಬಂದಿಲ್ಲ, ಆಗಲೇ ಅಕ್ಷರ ತಿನ್ನಾಕ ಹತ್ಯಾಳ. ನಾ ಇಷ್ಟ ವಯಸ್ಸಾದ್ರೂ ಒಂದೂ ತಿಂದಿಲ್ಲ ನೋಡ್ರಿ.”

ಪುಸ್ತಕಗಳು ಎಲ್ಲಿಂದ ಬಂದವು ಎಂದು ಕೇಳಿದೆ. ಒಂದು ತರಬೇತಿಯಲ್ಲಿ ಸ್ವಯಂಸೇವಾ ಸಂಸ್ಥೆಯವರು ಒಂದು ಚೀಲ ಪುಸ್ತಕ ಕೊಟ್ಟರು ಎಂದರು. ಇಲಾಖೆಯ ಆದೇಶ ಇದೆಯೇ ಎಂದೆ. ಇಲ್ಲ. ಮನೆಗೂ ಕೊಡುತ್ತೀರಾ? ವಾರಕ್ಕೊಂದು ಕೊಡುತ್ತೇನೆ, ಓದಲು ಬಾರದ ತಾಯಂದಿರು ಚಿತ್ರ ನೋಡಿ ಹೇಳುತ್ತಾರೆ, ಮುನ್ನಿಯ ತಾಯಿ ಉರ್ದುವಿನಲ್ಲಿ ಹೇಳುತ್ತಾಳೆ ಎಂದರು. ನಾನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಾಗ ಅವರ ಕಣ್ಣು ನನ್ನ ಪೆನ್ನಿನ ಮೇಲಿತ್ತು.

“ನೀವು ಪೇಪರಿನೋರು. ಚಲೋ ನಡದದ್ದಕ್ಕ ಇಷ್ಟ ಬರಕೊಳ್ಳಂಗಿಲ್ಲ,” ಎಂದರು.

ಆ ದಿನ ನಾನು ಏನೂ ವರದಿ ಮಾಡಲಿಲ್ಲ. ಇಟ್ಟಿಗೆ ಸಿಕ್ಕಿರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ‘ಆದೇಶ ಇಲ್ಲ’ ಎಂಬ ಎರಡು ಪದಗಳ ಕೆಳಗೆ ಗೆರೆ ಎಳೆದುಕೊಂಡು ಬಂದೆ.

ಮುಂದಿನ ತಿಂಗಳ ಆ ಮಂಗಳವಾರ ಬ್ಯಾಡಗಿಯ ಔಷಧ ಅಂಗಡಿಯವರೊಬ್ಬರು ಫೋನ್ ಮಾಡಿದರು. “ಸರ, ಲಗೂ ಬರ್ರಿ. ಕೂಸಿಗೆ ಪುಸ್ತಕದ ವಿಷ ಏರೈತಂತ.” ಹೋದೆ. ಕೂಸು ಮುನ್ನಿ. ತೂಕ ನೋಡಿಸಲು ಮಾಬೂಬಿ ಅವಳನ್ನು ಅಂಗನವಾಡಿಗೆ ಒಯ್ದಿದ್ದಳು. ಮನೆಯಲ್ಲಿದ್ದ ಪುಸ್ತಕವನ್ನೂ ವಾಪಸ್ ಕೊಡಲು ಹಿಡಿದುಕೊಂಡು ಹೋಗಿದ್ದಳು. ಅಲ್ಲಿ ಕೂಸು ಅದನ್ನು ಬಾಯಿಗೆ ಹಾಕಿಕೊಂಡಿತು. ತಾಯಿ ಹಸೀನಾ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಿಂದ ನೇರ ಆಸ್ಪತ್ರೆಗೆ ಓಡಿ ಬಂದಿದ್ದಳು. ಅಳುತ್ತಿದ್ದಳು, ಆದರೆ ಕೂಸನ್ನು ಎತ್ತಿಕೊಳ್ಳದೆ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ದೂರ ನಿಂತಿದ್ದಳು. ‘ತಾಯಿ ಎತ್ತಿಕೊಳ್ಳಲಿಲ್ಲ. ಯಾಕೆ?’ ಎಂದು ಬರೆದುಕೊಂಡೆ. ಅವಳ ಮೇಲೂ ಸಂಶಯ ಬಂತು.

ವೈದ್ಯರು ಕೂಸಿನ ಬಾಯಿ ತೊಳೆಸಿದ್ದರು. “ಖಾರಾ ಗೀರಾ ಕೊಟ್ಟಿದ್ರೇನು?” ಎಂದು ಕೇಳಿದರು.

“ಒಂಬತ್ತ ತಿಂಗಳ ಕೂಸಿಗೆ ಯಾರರ ಖಾರಾ ಕೊಡ್ತಾರೇನ್ರಿ ಡಾಕ್ಟರ? ಎದಿಹಾಲ ಬಿಟ್ರ ಗಂಜಿ,” ಎಂದಳು ಮಾಬೂಬಿ.

“ಹಂಗಾದ್ರ ಬಣ್ಣ ಇರಬಹುದು. ಸಂಜಿಮಟ ನೋಡೂಣು.”

ಈ ಮೂರು ಮಾತನ್ನೂ ನಾನು ಬರೆದುಕೊಂಡಿದ್ದೆ. ವರದಿಗೆ ಕೊನೆಯದನ್ನು ಮಾತ್ರ ತೆಗೆದುಕೊಂಡೆ.

ಪುಸ್ತಕ ಮಾಬೂಬಿಯ ಚೀಲದಲ್ಲಿತ್ತು. ತೆರೆದೆ. ಹುಂಜದ ಹಾಳೆ ಪೂರ್ತಿ ಕೆಂಪು. ಕರವಸ್ತ್ರವನ್ನು ನಳದ ಕೆಳಗೆ ಹಿಡಿದು ಒದ್ದೆ ಮಾಡಿ, ಹುಂಜದ ಮೇಲೆ ಉಜ್ಜಿದೆ. ಬಟ್ಟೆ ಕೆಂಪಾಯಿತು. ಸುತ್ತ ನಿಂತವರು “ನೋಡ್ರಿ, ನೋಡ್ರಿ” ಎಂದರು. ಕೆಂಪಾದ ಕರವಸ್ತ್ರವನ್ನೂ ಪುಸ್ತಕವನ್ನೂ ಜೊತೆಗಿಟ್ಟು ಫೋಟೊ ತೆಗೆದೆ. ಪುಸ್ತಕವನ್ನು ಚೀಲಕ್ಕೆ ಹಾಕಿ ಕೊಟ್ಟೆ. ಬೇರೆ ಹಾಳೆಗಳನ್ನು ಉಜ್ಜಲಿಲ್ಲ. ಉಜ್ಜಬೇಕೆಂದು ಹೊಳೆಯಲಿಲ್ಲ. ನನಗೆ ಬೇಕಾದದ್ದು ಮೊದಲ ಹಾಳೆಯಲ್ಲೇ ಸಿಕ್ಕಿತ್ತು.

ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಕುಳಿತು ವರದಿ ಕಳಿಸಿದೆ. ‘ಪುಸ್ತಕದ ಬಣ್ಣವೇ ಕಾರಣ ಎಂದು ಶಂಕಿಸಲಾಗಿದೆ’ ಎಂದು ಬರೆದೆ. ‘ಇಲಾಖೆಯ ಆದೇಶವಿಲ್ಲದೆ ವಿತರಿಸಿದ ಪುಸ್ತಕ’ ಎಂದು ಎರಡು ಕಡೆ ಬರೆದೆ. ಸಂಜೆಗೆ ಕೂಸಿನ ಊತ ಇಳಿದು ಮನೆಗೆ ಕಳಿಸಿದರು. ಅದು ವರದಿಯ ಕೊನೆಯ ಸಾಲಾಗಿತ್ತು. ಜಾಗ ಸಾಲದೆ ಪುಟದಲ್ಲಿ ಕತ್ತರಿಸಿಹೋಯಿತು.

ಆಮೇಲೆ ಎಲ್ಲ ಬೇಗ ನಡೆಯಿತು. ಇಲಾಖೆಯ ಮೇಲ್ವಿಚಾರಕಿ ಬಂದು ಕೇಂದ್ರದಲ್ಲಿದ್ದ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ ಒಯ್ದರು. ಸರೋಜಾರಿಗೆ ನೋಟಿಸ್ ಬಂತು. ಏಳು ದಿನದೊಳಗೆ ಉತ್ತರ ಕೊಡಬೇಕು. ‘ಸೇವೆಯಿಂದ ಏಕೆ ಬಿಡುಗಡೆ ಮಾಡಬಾರದು’ ಎಂಬುದು ಅದರ ಕೊನೆಯ ಸಾಲು. ಓಣಿಯ ಕೆಲವರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ದೇಸಾಯಿಯವರು ಫೋನ್ ಮಾಡಿ, “ಭೇಷ್. ಬೆನ್ನ ಹತ್ತು, ಬಿಡಬ್ಯಾಡ,” ಎಂದರು.

ಬೆನ್ನು ಹತ್ತಲು ಒಂದು ವಿಷಯ ಸಿಕ್ಕಿತು. ಕೂಸು ಬಾಯಿಗೆ ಹಾಕಿಕೊಂಡ ಆ ಪುಸ್ತಕ ಕಾಣೆಯಾಗಿತ್ತು. ಗೋಣಿಚೀಲದಲ್ಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ಉಳಿಯಿತು ಎಂದು ಮಾಬೂಬಿ ಹೇಳಿದ್ದಳಂತೆ. ಆಸ್ಪತ್ರೆಯವರು ನಾವು ಇಟ್ಟುಕೊಂಡಿಲ್ಲ ಎಂದರು. ಸರೋಜಾ ಸಾಕ್ಷಿಯನ್ನು ಬಚ್ಚಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ತಲೆಬರಹವೂ ಮನಸ್ಸಿನಲ್ಲಿ ತಯಾರಾಗಿತ್ತು.

ನೋಟಿಸಿನ ನಾಲ್ಕನೇ ದಿನ ಸಂಜೆ ಹಸೀನಾಳ ಮನೆಗೆ ಹೋದೆ. ಸರೋಜಾ ಪುಸ್ತಕ ಇಸಿದುಕೊಂಡರು ಎಂಬ ಒಂದು ಮಾತು ಅವಳ ಬಾಯಿಂದ ಬಂದರೆ ಸಾಕಿತ್ತು. ಅವಳು ಆಗಷ್ಟೇ ಕೆಲಸದಿಂದ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಎರಡೂ ಕೈ ಮುಂದಕ್ಕೆ ಚಾಚಿದ್ದಳು. ಮಾಬೂಬಿ ಒಂದು ಬೋಗುಣಿಯಿಂದ ಮಜ್ಜಿಗೆ ಹೊಯ್ಯುತ್ತಿದ್ದಳು. ಒಳಗೆ ಕೂಸು ಅಳುತ್ತಿತ್ತು.

“ಮೊದಲ ಕೂಸನ್ನ ಎತ್ತಿಕೋವಾ,” ಎಂದೆ.

“ಈ ಕೈಲೇ ಹೆಂಗ ಎತ್ಲಿರಿ? ದಿನಾ ಮೆಣಸಿನಕಾಯಿ ಮುಟ್ಟೋ ಕೈ. ಮಜ್ಜಿಗಿಲೆ ತೊಳದು, ಎಣ್ಣಿ ಹಚ್ಚಿ, ಮತ್ತ ಸಬಕಾರ ಹಚ್ಚಿ ತೊಳದ ಮ್ಯಾಲೇನ ಎತ್ತೂದು. ಆವತ್ತ ದವಾಖಾನ್ಯಾಗೂ ಮುಟ್ಟಾಕ ಆಗಲಿಲ್ಲ ನನಗ.”

ಅವಳ ಕೈಯಿಂದ ಕೆಳಗೆ ಬಿದ್ದ ಮಜ್ಜಿಗೆ ಕೆಂಪಗಿತ್ತು.

ಆಸ್ಪತ್ರೆಗೆ ಒಯ್ದ ಹಿಂದಿನ ದಿನ, ಸೋಮವಾರ, ಪುಸ್ತಕ ಎಲ್ಲಿತ್ತು ಎಂದು ಕೇಳಿದೆ. ಹಸೀನಾ ಅತ್ತೆಯ ಮುಖ ನೋಡಿದಳು.

“ಹೇಳ ಬೇಟಿ. ಇವ್ರು ಹೆಂಗೂ ಬಿಡಂಗಿಲ್ಲ,” ಎಂದಳು ಮಾಬೂಬಿ.

ಸೋಮವಾರ ಮಾರುಕಟ್ಟೆಯ ದಿನ. ಕೆಲಸ ಹೆಚ್ಚಿತ್ತು. ಮಧ್ಯಾಹ್ನ ಮಾಬೂಬಿ ಕೂಸನ್ನು ಹಸೀನಾ ಕೆಲಸ ಮಾಡುವಲ್ಲಿಗೇ ಎತ್ತಿಕೊಂಡು ಹೋಗಿದ್ದಳು. ಅದು ಹಟ ಮಾಡುತ್ತಿತ್ತು, ಪುಸ್ತಕವೂ ಜೊತೆಗಿತ್ತು. ಕೈ ತೊಳೆಯುವಷ್ಟು ಬಿಡುವಿರಲಿಲ್ಲ. ಅಜ್ಜಿಯ ಮಡಿಲಲ್ಲಿ ಕುಳಿತ ಕೂಸಿನ ಎದುರು ಹಸೀನಾ ಪುಸ್ತಕ ಹಿಡಿದು, ಕೂಸನ್ನು ಮುಟ್ಟದಂತೆ ಎಚ್ಚರ ವಹಿಸಿ, ಒಂದೊಂದೇ ಹಾಳೆ ತಿರುವಿ ಹೇಳಿದ್ದಳು. ಕೂಸನ್ನು ಮುಟ್ಟುವ ಮೊದಲು ಮೂರು ಸಲ ಕೈ ತೊಳೆಯುವ ತಾಯಿ, ಪುಸ್ತಕ ಮುಟ್ಟುವ ಮೊದಲು ತೊಳೆದಿರಲಿಲ್ಲ.

“ಪುಸ್ತಕ ಎಲ್ಲೈತಿ?”

ಮಾಬೂಬಿ ಒಳಗೆ ಹೋಗಿ ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತಂದಳು. “ನಾನ ಮುಚ್ಚಿಟ್ಟೇನ್ರಿ. ಅಕ್ಕೋರಿಗೂ ಗೊತ್ತಿಲ್ಲ. ಮೂರ ತಿಂಗಳ ತಿಂದೈತಿ ಇಂಥಾ ಪುಸ್ತಕಾನ, ಒಂದ ದಿನ ಏನೂ ಆಗಿಲ್ಲ. ಆ ಮೇಡಂ ಒಯ್ದು ಸುಟ್ಟಾರು ಅಂತ ಸುಳ್ಳ ಹೇಳಿದೆ. ಆದ್ರ ಕೂಸಿಗೆ ಕೊಡಾಕೂ ಅಂಜಿಕಿ.”

ಈ ಸಲ ಮಾವಿನಹಣ್ಣಿನ ಹಾಳೆ ತೆರೆದೆ. ಹಾಳೆ ಪೂರ್ತಿ ಹಳದಿ. ಕರವಸ್ತ್ರ ಒದ್ದೆ ಮಾಡಿ ಉಜ್ಜಿದೆ. ಬಟ್ಟೆ ಕೆಂಪಾಯಿತು. ಎತ್ತಿನ ಹಾಳೆ ಬಿಳಿ. ಅದರಿಂದಲೂ ಕೆಂಪೇ ಬಂತು. ಕೆಂಪಾದ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡೆ. ಖಾರ.

ಹಸೀನಾ ಬಾಗಿಲಿಗೆ ಒರಗಿ ನಿಂತಿದ್ದಳು. “ನನ್ನ ಕೈಲೇ ಆತು ಅಂತ ಬರೀತೀರೇನ್ರಿ? ಬರದ್ರ ಮುನ್ನಿ ಅಪ್ಪ ನನ್ನ ಕೆಲಸ ಬಿಡಸ್ತಾರ.”

“ಬರೀದಿದ್ರ ಅಕ್ಕೋರ ಕೆಲಸ ಹೋಗತೈತಿ,” ಎಂದಳು ಮಾಬೂಬಿ. ಆಮೇಲೆ ನನ್ನ ಕಡೆ ತಿರುಗಿ, “ಹೆಸರ ಯಾಕ ಬೇಕ್ರಿ ನಿಮಗ? ಈ ಊರಾಗ ಯಾರ ಕೈ ಕೆಂಪಿಲ್ಲ? ‘ತಾಯಂದಿರು ಕೈ ತೊಳಕೊಂಡು ಪುಸ್ತಕ ಹಿಡೀಬೇಕು’ ಅಂತ ಬರೀರಿ. ಸಾಕು,” ಎಂದಳು. ಅಷ್ಟು ಚೆನ್ನಾಗಿ ಒಂದು ಸುದ್ದಿಯನ್ನು ತಿದ್ದಿದ ಉಪಸಂಪಾದಕನನ್ನು ನಾನು ಕಂಡಿಲ್ಲ.

ಹಾಗೆಯೇ ಬರೆದು ಕಳಿಸಿದೆ. ಮೊದಲ ವರದಿ ನನ್ನ ತಪ್ಪು ಎಂಬ ಸಾಲನ್ನೂ ಸೇರಿಸಿದೆ. ದೇಸಾಯಿಯವರು ಫೋನ್ ಮಾಡಿದರು.

“ಯಾರರ ಬಂದು ಮಾತಾಡಿದ್ರೇನು ನಿನ್ನ ಕೂಡ?”

“ಇಲ್ಲ ಸರ.”

“ಮತ್ತ ವಾರದಾಗ ಸುದ್ದಿ ಉಲ್ಟಾ ಹೆಂಗಾತು?”

“ಹಳದಿ ಹಾಳಿ ಉಜ್ಜಿರಲಿಲ್ಲ ಸರ.”

ಅವರಿಗೆ ಆ ಉತ್ತರ ಹಿಡಿಸಲಿಲ್ಲ. ಮರುದಿನ ಒಳಪುಟದ ಕೆಳಗೆ ಐದು ಸಾಲಿನ ಸ್ಪಷ್ಟನೆ ಬಂತು. ‘ಬೇರೆ ಕಾರಣವೂ ಇರಬಹುದೆಂದು ತಿಳಿದುಬಂದಿದೆ’ ಎಂದಿತ್ತು. ಸರೋಜಾರ ಹೆಸರು ಅದರಲ್ಲಿ ಇರಲಿಲ್ಲ.

ಅದನ್ನು ಹಿಡಿದುಕೊಂಡು ಸರೋಜಾರನ್ನು ಕಾಣಲು ಹೋದೆ. ಅವರು ಖಾಲಿ ಕಪಾಟಿನ ಪಕ್ಕ ಕುಳಿತು ನೋಟಿಸಿಗೆ ಉತ್ತರ ಬರೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಈಗ ಏನ ಹುಡಕಾಕ ಬಂದೀರಿ?”

ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ, “ಖರೇ ಅಂತ ಹೆಂಗ ನಂಬ್ಲಿ? ಮದಲ ಬರದದ್ದೂ ಖರೇ ಅಂತನ ಬರದಿದ್ರಿ,” ಎಂದರು.

ಕರವಸ್ತ್ರ ತೋರಿಸಿದೆ. ಮೂಸಿ ನೋಡಿ ವಾಪಸ್ ಕೊಟ್ಟರು. “ಇದನ್ನ ಇಲಾಖ್ಯಾಗ ಅಂಟಸಾಕ ಬರಂಗಿಲ್ರಿ. ಕಾಗದ ಬೇಕು.”

ವರದಿಗಾರ ಇಲಾಖೆಯ ವಿಚಾರಣೆಗೆ ಹೇಳಿಕೆ ಬರೆದುಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಈಗಲೂ ಅದನ್ನು ಪದ್ಧತಿ ಮಾಡಿಕೊಳ್ಳಿ ಎಂದು ಹೇಳಲಾರೆ. ಅಲ್ಲೇ ಕುಳಿತು ಎರಡು ಪುಟ ಬರೆದೆ: ಯಾವ ಹಾಳೆ ಉಜ್ಜಿದೆ, ಯಾವುದನ್ನು ಉಜ್ಜಲಿಲ್ಲ, ವೈದ್ಯರು ಕೇಳಿದ ಯಾವ ಪ್ರಶ್ನೆಯನ್ನು ಬಿಟ್ಟೆ. ಹಸೀನಾಳ ಹೆಸರು ಬರೆಯಲಿಲ್ಲ. ಸಹಿ ಮಾಡಿದೆ. ಸರೋಜಾ ಎರಡು ಸಲ ಓದಿದರು. ‘ಆದೇಶ ಇರಲಿಲ್ಲ ಎಂಬುದು ನಿಜ’ ಎಂಬ ಸಾಲನ್ನು ನಾನು ಬಿಟ್ಟಿದ್ದೆ. ಅದನ್ನೂ ಸೇರಿಸಿ ಎಂದರು.

“ಅದು ನಿಮಗ ತೊಂದ್ರಿ ಆಗತೈತಿ,” ಎಂದೆ.

“ಅದನ್ನ ಬಿಟ್ರ ಉಳಿದದ್ದನ್ನೂ ನಂಬಂಗಿಲ್ರಿ ಅವ್ರು.”

ನೋಟಿಸಿನ ಆರನೇ ದಿನ ಇಬ್ಬರೂ ಮಾಬೂಬಿ ಕೊಟ್ಟ ಪುಸ್ತಕವನ್ನೂ ಹೇಳಿಕೆಯನ್ನೂ ತೆಗೆದುಕೊಂಡು ಕಚೇರಿಗೆ ಹೋದೆವು. ಮೇಲ್ವಿಚಾರಕಿ ಹೇಳಿಕೆಯನ್ನು ಓದಿ, ನನ್ನನ್ನೂ ಸರೋಜಾರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. “ನೀವಿಬ್ರೂ ಸಂಬಂಧಿಕರೇನು?” ಎಂದು ಕೇಳಿದರು. ಆರೋಪ ಮಾಡಿದ ದಿನ ನನ್ನ ಕುಲಗೋತ್ರವನ್ನು ಯಾರೂ ಕೇಳಿರಲಿಲ್ಲ.

ಸರೋಜಾ ಒಂದು ಬಟ್ಟಲು ನೀರು ತರಿಸಿದರು. ತಮ್ಮ ಸೆರಗಿನ ತುದಿಯನ್ನು ಅದ್ದಿ, ಮೇಲ್ವಿಚಾರಕಿಯ ಕೈಗೇ ಕೊಟ್ಟು, “ನೀವ ಉಜ್ರಿ ಮೇಡಂ. ಯಾವ ಹಾಳಿ ಬೇಕು ಆ ಹಾಳಿ,” ಎಂದರು. ಮೇಲ್ವಿಚಾರಕಿ ನೀರಿನ ಕೊಡದ ಚಿತ್ರವಿದ್ದ ಹಾಳೆಯನ್ನು ಆರಿಸಿದರು. ಅದು ನೀಲಿ. ಸೆರಗು ಕೆಂಪಾಯಿತು. ಅವರು ಸ್ವಲ್ಪ ಹೊತ್ತಿನ ಮೇಲೆ, ಅರಿವಿಲ್ಲದೆ, ಅದೇ ಬೆರಳಿನಿಂದ ಕಣ್ಣು ಒರೆಸಿಕೊಂಡರು. ಬಟ್ಟಲಿನ ನೀರು ಆಮೇಲೆ ಅವರ ಮುಖಕ್ಕೇ ಬೇಕಾಯಿತು. ಮುಂದೆ ಯಾರೂ ಪ್ರಶ್ನೆ ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಆದೇಶ ಬಂತು. ಸರೋಜಾರನ್ನು ಸೇವೆಯಲ್ಲಿ ಮುಂದುವರಿಸಲಾಗಿದೆ. ಪೂರ್ವಾನುಮತಿ ಇಲ್ಲದೆ ಪುಸ್ತಕ ಬಳಸಿದ್ದಕ್ಕೆ ಎಚ್ಚರಿಕೆ ನೀಡಲಾಗಿದೆ. ಹೇಳಿಕೆ ಕೊಟ್ಟ ವಿಷಯ ಹುಬ್ಬಳ್ಳಿಗೆ ಮುಟ್ಟಿ, ನನ್ನಿಂದ ಬ್ಯಾಡಗಿಯ ಸುದ್ದಿಯನ್ನು ತೆಗೆದು ಬೇರೆಯವರಿಗೆ ಕೊಟ್ಟರು.

ನಿವೃತ್ತನಾದ ಮೇಲೆ, 2009ರ ಡಿಸೆಂಬರ್‌ನಲ್ಲಿ ಒಮ್ಮೆ ಆ ಓಣಿಗೆ ಹೋಗಿ ವಿಚಾರಿಸಿದೆ. ಗೋಣಿಚೀಲದ ಪುಸ್ತಕಗಳು ಮರಳಿ ಬಂದಿರಲಿಲ್ಲ. ಕಚೇರಿಗೆ ಒಯ್ದಿದ್ದ ಆ ಒಂದು ಪುಸ್ತಕವನ್ನು ಸರೋಜಾ ಅದೇ ದಿನ ವಾಪಸ್ ತಂದಿದ್ದರು. ಕೂಸುಗಳಿಗೆ ಪುಸ್ತಕ ಓದಲು ಅನುಮತಿ ಕೋರಿ ಅವರು 2007ರ ಜೂನ್‌ನಲ್ಲಿ ಕೊಟ್ಟ ಅರ್ಜಿಗೆ ಆವರೆಗೆ ಉತ್ತರ ಬಂದಿರಲಿಲ್ಲ. ಓದು ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಡೆಯುತ್ತಿತ್ತು.